ಕಾರು ರಿವರ್ಸ್ ತೆಗೆಯುವಾಗ: ಸ್ಟೇರಿಂಗ್ ಉಲ್ಟಾ ತಿರುಗಿಸಬೇಕೇ? ಸೆನ್ಸರ್ ಇದ್ದರೆ ಸಾಕೇ?

ಹೊಸದಾಗಿ ಕಾರು ಕಲಿಯುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದಷ್ಟು 'ಟಿಪ್ಸ್' ಸದಾ ಸುತ್ತುತ್ತಿರುತ್ತವೆ. "ರಿವರ್ಸ್‌ನಲ್ಲಿ ಸ್ಟೇರಿಂಗ್ ಉಲ್ಟಾ ತಿರುಗಿಸಬೇಕು", "ಸೆನ್ಸರ್ ಇದ್ದರೆ ಹಿಂದೆ ನೋಡೋದೇ ಬೇಡ", "ಎಕ್ಸಿಟ್ ತಪ್ಪಿದರೆ ಹಜಾರ್ಡ್ ಲೈಟ್ ಹಾಕಿ ಹಿಂದಕ್ಕೆ ಬನ್ನಿ". ಇವುಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು? ರಿವರ್ಸ್ ತೆಗೆಯುವ ಸರಿಯಾದ ಕ್ರಮ ಯಾವುದು? ನೋಡೋಣ ಬನ್ನಿ.

ಮೊದಲು ಒಂದು ಊರಿನ ಕಡೆ ಹೋಗಿಬರೋಣ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರು ನಿಮಗೆ ಗೊತ್ತಿರಬಹುದು. ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಕೈಯಲ್ಲಿ ಬೆಣ್ಣೆ ಹಿಡಿದ ಅಂಬೆಗಾಲು ಕೃಷ್ಣನಿದ್ದಾನೆ. ಮಕ್ಕಳಿಲ್ಲದವರು ಇಲ್ಲಿ ಹರಕೆ ಹೊತ್ತು ತೊಟ್ಟಿಲು ಒಪ್ಪಿಸುತ್ತಾರೆ. ಮಗುವಾದ ಮೇಲೆ ಆ ಮಗುವನ್ನೇ ಎತ್ತಿಕೊಂಡು ಮತ್ತೆ ಬರುತ್ತಾರೆ. ಬೆಂಗಳೂರು, ಮಂಡ್ಯ, ಮೈಸೂರು ಕಡೆಗಳಿಂದ ಕಾರುಗಳು ಬಂದು ನಿಲ್ಲುತ್ತವೆ. ಕಾರುಗಳ ನಡುವೆ ಆಗತಾನೇ ನಡೆಯಲು ಕಲಿತ ಪುಟಾಣಿಗಳು ಓಡಾಡುತ್ತಿರುತ್ತವೆ. ರಿವರ್ಸ್ ಬಗ್ಗೆ ಮಾತಾಡಲು ಇದಕ್ಕಿಂತ ಸರಿಯಾದ ಜಾಗ ಇಲ್ಲ. ಏಕೆಂದರೆ ಹಿಂದಕ್ಕೆ ಬರುವ ಕಾರಿನಿಂದ ಅತಿ ಹೆಚ್ಚು ಅಪಾಯ ಇರುವುದು ಇಂಥ ಅಂಬೆಗಾಲಿನ ಮಕ್ಕಳಿಗೇ.

ಲೆಕ್ಕ ಏನು ಹೇಳುತ್ತದೆ?

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2014ರಲ್ಲಿ ಕೊಟ್ಟ ಅಂದಾಜಿನಂತೆ, ಆ ದೇಶದಲ್ಲಿ ಹಿಂದಕ್ಕೆ ಬರುವ ವಾಹನಕ್ಕೆ ಸಿಕ್ಕಿ ವರ್ಷಕ್ಕೆ ಸುಮಾರು 210 ಜನ ಸಾಯುತ್ತಿದ್ದರು, ಸುಮಾರು 15,000 ಜನ ಗಾಯಗೊಳ್ಳುತ್ತಿದ್ದರು. ಸತ್ತವರಲ್ಲಿ ಶೇ. 31ರಷ್ಟು 5 ವರ್ಷದೊಳಗಿನ ಮಕ್ಕಳು, ಶೇ. 26ರಷ್ಟು 70 ವರ್ಷ ದಾಟಿದವರು. ಅಂದರೆ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಒಂದೋ ಪುಟ್ಟ ಮಕ್ಕಳು, ಇಲ್ಲವೇ ಬೇಗ ಪಕ್ಕಕ್ಕೆ ಸರಿಯಲಾಗದ ಅಜ್ಜ-ಅಜ್ಜಿಯರು.

ಇದಕ್ಕೆ ಹಿನ್ನೆಲೆಯಾದ ಘಟನೆ ಇನ್ನೂ ಮನಕಲಕುವಂಥದ್ದು. 2002ರಲ್ಲಿ ಅಲ್ಲಿನ ಒಬ್ಬ ತಂದೆ, ವೃತ್ತಿಯಲ್ಲಿ ಮಕ್ಕಳ ವೈದ್ಯರು, ತಮ್ಮ ಮನೆಯಂಗಳದಲ್ಲೇ ಕಾರು ಹಿಂದಕ್ಕೆ ತೆಗೆಯುವಾಗ 2 ವರ್ಷದ ಸ್ವಂತ ಮಗ ಅಡಿಯಲ್ಲಿ ಸಿಕ್ಕಿ ತೀರಿಕೊಂಡ. ಆ ಮಗುವಿನ ಹೆಸರಿನಲ್ಲೇ ಮುಂದೆ ಕಾನೂನು ಬಂತು. 2018ರ ಮೇ 1ರಿಂದ ಅಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಹಿಂಬದಿ ಕ್ಯಾಮೆರಾ ಕಡ್ಡಾಯವಾಯಿತು.

ಇಲ್ಲಿ ಗಮನಿಸಬೇಕಾದ್ದು ಒಂದೇ. ಇದು ವೇಗದಿಂದ, ಕುಡಿತದಿಂದ, ಹೆದ್ದಾರಿಯಲ್ಲಿ ಆದ ಅಪಘಾತವಲ್ಲ. ಸ್ವಂತ ಮನೆ ಮುಂದೆ, ನಿಧಾನದ ವೇಗದಲ್ಲಿ, ಪ್ರೀತಿಸುವವರ ಕೈಯಲ್ಲೇ ಆದದ್ದು. ನಮ್ಮ ಊರುಗಳಲ್ಲಿ ಮನೆಯಂಗಳವೇ ಪಾರ್ಕಿಂಗ್, ಅದೇ ಮಕ್ಕಳ ಆಟದ ಬಯಲು, ಅದೇ ರಾಗಿ ಒಣಗಿಸುವ ಕಣ. ಹೀಗಾಗಿ ಈ ಎಚ್ಚರಿಕೆ ನಮಗೆ ಇನ್ನೂ ಹೆಚ್ಚು ಬೇಕು.

ಹಿಂದಿನ ಗಾಜಿನಲ್ಲಿ ಮಗು ಯಾಕೆ ಕಾಣಲ್ಲ?

"ಹಿಂದೆ ತಿರುಗಿ ನೋಡಿದೆ, ಯಾರೂ ಇರಲಿಲ್ಲ" ಎಂದು ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿಯೂ ಕಂಡಿರುವುದಿಲ್ಲ. ಒಂದು ಸರಳ ಲೆಕ್ಕ ಹಾಕೋಣ. ಚಾಲಕನ ಕಣ್ಣು ನೆಲದಿಂದ 1.2 ಮೀಟರ್ ಎತ್ತರದಲ್ಲಿದೆ, ಹಿಂದಿನ ಗಾಜಿನ ಕೆಳಅಂಚು 1 ಮೀಟರ್ ಎತ್ತರದಲ್ಲಿದೆ, ಎರಡರ ನಡುವೆ 2 ಮೀಟರ್ ದೂರವಿದೆ ಎಂದುಕೊಳ್ಳಿ. ಅಂದರೆ ನೋಟದ ಗೆರೆ ಪ್ರತಿ ಮೀಟರಿಗೆ 10 ಸೆಂಟಿಮೀಟರ್ ಮಾತ್ರ ಕೆಳಗಿಳಿಯುತ್ತದೆ. ಅಂಬೆಗಾಲಿಡುವ ಮಗುವಿನ ಎತ್ತರ 45 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಆ ಮಗು ಗಾಜಿನಿಂದ ಸುಮಾರು 5.5 ಮೀಟರ್ ದೂರ ಹೋಗುವವರೆಗೆ ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ! ಗಾಜು ಇನ್ನೂ ಎತ್ತರದಲ್ಲಿರುವ ಎಸ್‌ಯುವಿಗಳಲ್ಲಿ ಇದು 8 ಮೀಟರ್ ಆದರೂ ಆಶ್ಚರ್ಯವಿಲ್ಲ. ಹಿಂದಿನ ಸೀಟಿನಲ್ಲಿ ಮೂವರು ಕೂತು, ಡಿಕ್ಕಿ ತುಂಬ ಲಗೇಜ್ ಇದ್ದರೆ ಕೇಳುವುದೇ ಬೇಡ.

ನಂಬಿಕೆ ಬರದಿದ್ದರೆ ನಿಮ್ಮ ಕಾರಿನಲ್ಲೇ ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ಬಣ್ಣದ ಬಕೆಟ್ ಒಂದನ್ನು ಕಾರಿನ ಹಿಂದೆ ಬೋರಲು ಹಾಕಿ ಚಾಲಕನ ಸೀಟಿನಲ್ಲಿ ಕೂತು ನೋಡಿ. ಕಾಣುವವರೆಗೂ ಯಾರಾದರೂ ಅದನ್ನು ಹಿಂದಕ್ಕೆ ಸರಿಸುತ್ತಾ ಹೋಗಲಿ. ಆಮೇಲೆ ಆ ದೂರವನ್ನು ಹೆಜ್ಜೆಯಲ್ಲಿ ಅಳೆಯಿರಿ. ಒಮ್ಮೆ ಅಳೆದವರು ಆ ಹೆಜ್ಜೆಗಳ ಲೆಕ್ಕ ಮರೆಯುವುದಿಲ್ಲ.

ಇನ್ನೊಂದು ಮಾತು. ಹಾರ್ನ್ ಕೇಳಿದರೆ ಮಗು ಪಕ್ಕಕ್ಕೆ ಸರಿಯುತ್ತದೆ ಎಂದುಕೊಳ್ಳಬೇಡಿ. ಚಿಕ್ಕ ಮಕ್ಕಳ ಯೋಚನೆಯೇ ಬೇರೆ: 'ನನಗೆ ಕಾರು ಕಾಣುತ್ತಿದೆ, ಹಾಗಾದರೆ ಕಾರಿಗೂ ನಾನು ಕಾಣುತ್ತಿದ್ದೇನೆ'. ಅಪ್ಪ ಹೊರಟ ಎಂದು ಟಾಟಾ ಮಾಡಲು ಕಾರಿನತ್ತಲೇ ಓಡಿಬರುತ್ತವೆ.

ನಂಬಿಕೆ 1: ರಿವರ್ಸ್‌ನಲ್ಲಿ ಸ್ಟೇರಿಂಗ್ ಉಲ್ಟಾ ತಿರುಗಿಸಬೇಕು

ಸುಳ್ಳು. ಕಾರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಸ್ಟೇರಿಂಗನ್ನೂ ಅದೇ ಕಡೆ ತಿರುಗಿಸಬೇಕು. ಎಡಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಹಿಂಭಾಗ ಬಲಕ್ಕೆ. ಅಷ್ಟೇ.

ಹಾಗಾದರೆ ಗೊಂದಲ ಯಾಕೆ ಆಗುತ್ತದೆ? ಏಕೆಂದರೆ ಅದೇ ಸಮಯದಲ್ಲಿ ಕಾರಿನ ಮೂತಿ ಎದುರು ದಿಕ್ಕಿಗೆ ಬೀಸುತ್ತದೆ. ಹಿಂಭಾಗ ಎಡಕ್ಕೆ ಹೋದರೆ ಮೂತಿ ಬಲಕ್ಕೆ ಅಗಲವಾಗಿ ಸರಿಯುತ್ತದೆ. ತಿರುಗುವ ಚಕ್ರಗಳು ಮುಂದೆ ಇರುವುದರಿಂದ ಹೀಗಾಗುತ್ತದೆ. ಕಲಿಯುವವರು ಹಿಂದೆ ಮಾತ್ರ ನೋಡುತ್ತಾ ಮುಂದಿನ ಬಂಪರನ್ನು ಗೇಟಿಗೋ ಪಕ್ಕದ ಬೈಕಿಗೋ ಉಜ್ಜುವುದು ಇದೇ ಕಾರಣಕ್ಕೆ. ಮನೆಯಲ್ಲಿ ಚನ್ನಪಟ್ಟಣದ ಆಟಿಕೆ ಕಾರಿದ್ದರೆ ಮೇಜಿನ ಮೇಲಿಟ್ಟು, ಹಿಂದಿನ ಚಕ್ರದ ಬಳಿ ಬೆರಳೊತ್ತಿ ಬಾಲವನ್ನು ಎಡಕ್ಕೆ ತಿರುಗಿಸಿ ನೋಡಿ. ಮೂತಿ ಎಷ್ಟು ದೂರ ಬಲಕ್ಕೆ ಬೀಸುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ.

'ಉಲ್ಟಾ' ಎನ್ನುವ ಮಾತು ನಿಜವಾಗಿ ಅನ್ವಯಿಸುವುದು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗೆ. ಅಲ್ಲಿ ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಮೊದಲು ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಊರಲ್ಲಿ ಟ್ರ್ಯಾಕ್ಟರ್ ಓಡಿಸುವ ಅಣ್ಣನಿಂದ ಕಾರು ಕಲಿತವರಿಗೆ ಈ ಸಲಹೆ ದಾಟಿಬಂದಿರಬಹುದು. ಕಾರಿಗೆ ಅದು ಬೇಡ.

ನಂಬಿಕೆ 2: ಸೆನ್ಸರ್, ಕ್ಯಾಮೆರಾ ಇದ್ದರೆ ಹಿಂದೆ ನೋಡಬೇಕಿಲ್ಲ

ಅಪಾಯಕಾರಿ ನಂಬಿಕೆ. ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ಒಳ್ಳೆಯದೇ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ.

ಬಂಪರ್‌ನಲ್ಲಿರುವ ಗುಂಡಿಯಂಥ ಸೆನ್ಸರ್ ನಮ್ಮ ಕಿವಿಗೆ ಕೇಳದ ಶಬ್ದ ಹೊರಡಿಸುತ್ತದೆ. ಬಾವಲಿಯಂತೆ ಅದರ ಪ್ರತಿಧ್ವನಿಯನ್ನು ಕೇಳಿಸಿಕೊಳ್ಳುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 1.5 ಮೀಟರ್ ದೂರದ ಗೋಡೆಗೆ ಬಡಿದು ಶಬ್ದ ವಾಪಸ್ ಬರಲು ಸೆಕೆಂಡಿನ ನೂರನೇ ಒಂದು ಭಾಗಕ್ಕಿಂತ ಕಡಿಮೆ ಸಮಯ ಸಾಕು. ಆ ಸಮಯದಿಂದ ದೂರವನ್ನು ಲೆಕ್ಕ ಹಾಕಿ 'ಬೀಪ್ ಬೀಪ್' ಎನ್ನುತ್ತದೆ.

ಗೋಡೆ, ಇನ್ನೊಂದು ಕಾರು ಇವೆಲ್ಲ ಚೆನ್ನಾಗಿ ಸಿಗುತ್ತವೆ. ತೆಳುವಾದ ಕಂಬ, ಬಂಪರ್‌ಗಿಂತ ಕೆಳಗಿರುವ ಕಲ್ಲು, ಓರೆಯಾದ ಮೇಲ್ಮೈ, ಶಬ್ದ ಹೀರುವ ದಪ್ಪ ಬಟ್ಟೆ ತೊಟ್ಟವರು ತಪ್ಪಿಹೋಗಬಹುದು. ಸೆನ್ಸರ್ ಮೇಲೆ ಕೆಸರು ಮೆತ್ತಿದ್ದರೆ ಇನ್ನೂ ಕಷ್ಟ.

ಎಲ್ಲಕ್ಕಿಂತ ದೊಡ್ಡ ಮಿತಿ ನಮ್ಮದೇ. ಬೀಪ್ ಕೇಳಿ ಕಾಲು ಬ್ರೇಕ್ ಮೇಲೆ ಒತ್ತಲು ಒಂದೂವರೆ ಸೆಕೆಂಡ್ ಬೇಕು ಎಂದುಕೊಳ್ಳಿ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಬರುತ್ತಿದ್ದರೆ ಅಷ್ಟರಲ್ಲಿ ಕಾರು 4 ಮೀಟರ್‌ಗೂ ಹೆಚ್ಚು ಚಲಿಸಿರುತ್ತದೆ. ಸೆನ್ಸರ್ ಹೇಳಿದ್ದು ಒಂದೂವರೆ ಮೀಟರ್ ಇರುವಾಗ! ಗಂಟೆಗೆ 3 ಕಿ.ಮೀ. ವೇಗದಲ್ಲಿದ್ದರೆ ಅದೇ ಸಮಯದಲ್ಲಿ ಕಾರು ಸುಮಾರು 1.25 ಮೀಟರ್ ಮಾತ್ರ ಚಲಿಸುತ್ತದೆ. ಅಂದರೆ ಸೆನ್ಸರ್ ಉಪಯೋಗಕ್ಕೆ ಬರುವುದು ಆಮೆಯ ನಡಿಗೆಯಲ್ಲಿ ಮಾತ್ರ.

ಕ್ಯಾಮೆರಾ ಕೆಳಗಿನ ಜಾಗವನ್ನೂ ತೋರಿಸುತ್ತದೆ, ಅದರಿಂದ ನಿಜಕ್ಕೂ ಉಪಯೋಗವಿದೆ. ಆದರೆ ಮಳೆಹನಿ, ಧೂಳು, ನೇರ ಬಿಸಿಲು ಅದನ್ನು ಕುರುಡು ಮಾಡುತ್ತವೆ. ಅಗಲವಾಗಿ ತೋರಿಸುವ ಲೆನ್ಸ್ ಆದ್ದರಿಂದ ವಸ್ತುಗಳು ಇರುವುದಕ್ಕಿಂತ ದೂರದಲ್ಲಿದ್ದಂತೆ ಕಾಣುತ್ತವೆ. ಪಕ್ಕದಿಂದ ಓಡಿಬರುವ ಮಗು, ಬೀಸುತ್ತಿರುವ ಮೂತಿ ಅದರಲ್ಲಿ ಕಾಣುವುದಿಲ್ಲ. ಪಕ್ಕದ ಉಬ್ಬು ಕನ್ನಡಿಗಳ ಕಥೆಯೂ ಅಷ್ಟೇ: ಹೆಚ್ಚು ಜಾಗ ತೋರಿಸುತ್ತವೆ, ಆದರೆ ಎಲ್ಲವನ್ನೂ ಚಿಕ್ಕದಾಗಿ, ದೂರದಲ್ಲಿದ್ದಂತೆ ತೋರಿಸುತ್ತವೆ. ಇವೆಲ್ಲ ಕಣ್ಣಿಗೆ ಸಹಾಯಕರು, ಕಣ್ಣಿಗೆ ಬದಲಿ ಅಲ್ಲ.

ನಂಬಿಕೆ 3: ಹಿಂದೆ ಯಾರಾದರೂ ನಿಂತು 'ರೈಟ್ ರೈಟ್' ಅಂದರೆ ಸಾಕು

ನಮ್ಮಲ್ಲಿ ಕಾರು ಹಿಂದಕ್ಕೆ ಬರುತ್ತಿದ್ದರೆ ದಾರಿಹೋಕರೂ ನಿಂತು "ಬರ್ಲಿ ಬರ್ಲಿ" ಎನ್ನುತ್ತಾರೆ. ಒಳ್ಳೆಯ ಗುಣ. ಆದರೆ ಇದರಲ್ಲಿ ಒಂದು ಎಡವಟ್ಟಿದೆ. ಬಸ್ ಕಂಡಕ್ಟರ್ ಭಾಷೆಯಲ್ಲಿ 'ರೈಟ್' ಎಂದರೆ 'ಹೋಗಲಿ'. ಕಲಿಯುವ ಚಾಲಕನ ಕಿವಿಯಲ್ಲಿ ಅದು 'ಬಲಕ್ಕೆ ತಿರುಗಿಸು' ಆಗುತ್ತದೆ. 'ಲೆಫ್ಟ್ ತಗೊಳ್ಳಿ' ಎಂದರೆ ಯಾರ ಲೆಫ್ಟ್? ನಿಂತವರದ್ದೋ, ಕೂತವರದ್ದೋ?

ಆದ್ದರಿಂದ ಮೊದಲೇ ಮಾತಾಡಿಕೊಳ್ಳಿ. 'ರೈಟ್' ಪದವನ್ನೇ ಬಳಸಬೇಡಿ. 'ಬರ್ಲಿ', 'ನಿಲ್ಲು' ಎರಡೇ ಸಾಕು, ದಿಕ್ಕನ್ನು ಕೈಯಲ್ಲಿ ತೋರಿಸಿ. ಸಹಾಯಕರು ಕಾರಿನ ನೇರ ಹಿಂದೆ, ಕಾರು ಮತ್ತು ಗೋಡೆಯ ನಡುವೆ ಎಂದೂ ನಿಲ್ಲಬಾರದು. ಚಾಲಕನ ಕನ್ನಡಿಯಲ್ಲಿ ಕಾಣುವಂತೆ ಪಕ್ಕಕ್ಕೆ ನಿಲ್ಲಬೇಕು. ಸಹಾಯಕರು ಕನ್ನಡಿಯಿಂದ ಮರೆಯಾದ ಕ್ಷಣ ಕಾರು ನಿಲ್ಲಬೇಕು. ದನಿ ಕೇಳದಿದ್ದರೆ 'ಬರ್ಲಿ' ಎಂದು ಅರ್ಥವಲ್ಲ, 'ನಿಲ್ಲು' ಎಂದು ಅರ್ಥ.

ನಂಬಿಕೆ 4: ಎಕ್ಸಿಟ್ ತಪ್ಪಿದರೆ ಹಜಾರ್ಡ್ ಹಾಕಿ ಹಿಂದಕ್ಕೆ ಬರಬಹುದು

ಎಂದೂ ಬೇಡ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬೈಪಾಸ್ ಮಾಡಿ ಹೋಗುತ್ತದೆ. ದೊಡ್ಡಮಳೂರಿಗೆ ಹೊರಟವರು ತಿರುವು ತಪ್ಪಿಸಿಕೊಳ್ಳುವುದು ಸುಲಭ. ಆಗ ಮನಸ್ಸು ಹೇಳುತ್ತದೆ: 'ನೂರು ಮೀಟರ್ ತಾನೇ, ಹಿಂದಕ್ಕೆ ಹೋಗೋಣ'.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಚಲಿಸುತ್ತದೆ. ಚಾಲಕ ನಿಮ್ಮನ್ನು ನೋಡಿ, ಬ್ರೇಕ್ ಒತ್ತಿ, ನಿಲ್ಲಿಸಲು ಒಣ ರಸ್ತೆಯಲ್ಲೂ ಸುಮಾರು 100 ಮೀಟರ್ ಬೇಕು. ಅದೂ ನೀವು ಹಿಂದಕ್ಕೆ ಬರುತ್ತಿದ್ದೀರಿ ಎಂದು ಅವನಿಗೆ ತಕ್ಷಣ ಹೊಳೆದರೆ ಮಾತ್ರ. ಹಜಾರ್ಡ್ ಲೈಟ್ 'ನಾನು ನಿಂತಿದ್ದೇನೆ, ಅಡ್ಡಿಯಾಗಿದ್ದೇನೆ' ಎನ್ನುತ್ತದೆಯೇ ಹೊರತು 'ಹಿಂದಕ್ಕೆ ಬರುತ್ತಿದ್ದೇನೆ' ಎನ್ನುವುದಿಲ್ಲ. ಮುಂದಿನ ಎಕ್ಸಿಟ್‌ವರೆಗೆ ಹೋಗಿ ತಿರುಗಿ ಬನ್ನಿ. ಹದಿನೈದು ನಿಮಿಷ ತಡವಾದರೂ ಅಪ್ರಮೇಯ ಅಲ್ಲೇ ಇರುತ್ತಾನೆ.

ಹಾಗಾದರೆ ಸರಿಯಾದ ಕ್ರಮ ಯಾವುದು?

1. ಹತ್ತುವ ಮೊದಲು ಒಂದು ಸುತ್ತು. ದೇವರಿಗೆ ಮೂರು ಪ್ರದಕ್ಷಿಣೆ ಹಾಕುವ ನಾವು ಕಾರಿಗೆ ಒಂದು ಹಾಕೋಣ. ಹಿಂದೆ, ಪಕ್ಕದಲ್ಲಿ, ಅಡಿಯಲ್ಲಿ ನೋಡಿ: ಮಗು, ಆಟಿಕೆ, ನಾಯಿಮರಿ, ಕಲ್ಲು.

2. ಮಕ್ಕಳನ್ನು ಎಣಿಸಿ. ಎಲ್ಲ ಮಕ್ಕಳೂ ಕಾರಿನೊಳಗೆ ಇರಬೇಕು, ಇಲ್ಲವೇ ದೊಡ್ಡವರೊಬ್ಬರು ಕೈ ಹಿಡಿದು ನಿಮ್ಮ ಕಣ್ಣಿಗೆ ಕಾಣುವಂತೆ ನಿಂತಿರಬೇಕು. 'ಒಳಗೆ ಆಡ್ತಿರಬೇಕು' ಎಂಬ ಊಹೆ ಸಾಲದು.

3. ಕೂತ ಮೇಲೆ ಸೀಟ್, ಕನ್ನಡಿ ಸರಿಮಾಡಿಕೊಳ್ಳಿ. ಪಕ್ಕದ ಕನ್ನಡಿಯಲ್ಲಿ ನಿಮ್ಮ ಕಾರಿನ ಮೈ ಒಂದು ಸಣ್ಣ ಪಟ್ಟಿಯಷ್ಟು ಮಾತ್ರ ಕಾಣಲಿ. ಹಾಡು ನಿಲ್ಲಿಸಿ, ಗಾಜು ಇಳಿಸಿ. ಯಾರಾದರೂ ಕೂಗಿದರೆ ಕೇಳಿಸಬೇಕು.

4. ಕಾರು ಪೂರ್ತಿ ನಿಂತ ಮೇಲೆಯೇ ರಿವರ್ಸ್ ಗೇರ್ ಹಾಕಿ. ಅನೇಕ ಕಾರುಗಳಲ್ಲಿ ಮುಂದಿನ ಗೇರುಗಳಿಗೆ ಇರುವ ಸಿಂಕ್ರೊಮೆಶ್ ವ್ಯವಸ್ಥೆ ರಿವರ್ಸ್‌ಗೆ ಇರುವುದಿಲ್ಲ. ಕಾರು ಚಲಿಸುತ್ತಿರುವಾಗ ಹಾಕಿದರೆ 'ಕರ್ರ್' ಎಂದು ಹಲ್ಲು ಕಡಿಯುವುದು ಅದಕ್ಕೇ. ಬೀಳದಿದ್ದರೆ ಬಲವಂತ ಮಾಡದೆ ನ್ಯೂಟ್ರಲ್‌ಗೆ ತಂದು, ಕ್ಲಚ್ ಬಿಟ್ಟು ಮತ್ತೆ ಒತ್ತಿ ಪ್ರಯತ್ನಿಸಿ.

5. ಎಡಗೈಯನ್ನು ಪಕ್ಕದ ಸೀಟಿನ ಹಿಂಬದಿಗೆ ಇಟ್ಟು, ಎಡ ಭುಜದ ಮೇಲಿಂದ ಹಿಂದಿನ ಗಾಜಿನ ಮೂಲಕ ನೋಡಿ. ಬಲಗೈ ಸ್ಟೇರಿಂಗ್‌ನ ಮೇಲ್ತುದಿಯಲ್ಲಿರಲಿ. ಮೂರ್ನಾಲ್ಕು ಸೆಕೆಂಡಿಗೊಮ್ಮೆ ಎರಡೂ ಕನ್ನಡಿ, ಮುಂದಿನ ಎರಡೂ ಮೂಲೆ ನೋಡಿ.

6. ಸಮತಟ್ಟು ಜಾಗದಲ್ಲಿ ಆಕ್ಸಿಲರೇಟರ್ ಬೇಕಾಗುವುದೇ ಇಲ್ಲ. ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟರೆ ಕಾರು ತಾನಾಗಿ ತೆವಳುತ್ತದೆ. ಬಲಗಾಲು ಬ್ರೇಕ್ ಮೇಲೆಯೇ ಇರಲಿ. ಆಟೊಮ್ಯಾಟಿಕ್ ಆದರೆ ಬ್ರೇಕ್ ಸಡಿಲಿಸಿದರೆ ಸಾಕು.

7. ಸ್ಟೇರಿಂಗ್ ಸ್ವಲ್ಪ ಸ್ವಲ್ಪವೇ ತಿರುಗಿಸಿ. ದಾರಿ ತಪ್ಪಿದರೆ ನಿಲ್ಲಿ, ಮುಂದಕ್ಕೆ ಹೋಗಿ ನೇರ ಮಾಡಿಕೊಂಡು ಮತ್ತೆ ಬನ್ನಿ. ಇದರಲ್ಲಿ ಅವಮಾನವಿಲ್ಲ.

8. ಅನುಮಾನ ಬಂತೇ? ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಳಿದು ನೋಡಿ. ಹಿಂದಿನವರು ಹಾರ್ನ್ ಮಾಡಿದರೆ ಮಾಡಲಿ.

ಹಿಂದಕ್ಕೆ ತಿರುಗಿ ಕೂತಾಗ ದೇಹದ ಜೊತೆ ಕಾಲೂ ಜರುಗುತ್ತದೆ. ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತುವುದು ಕಲಿಯುವವರಲ್ಲಿ ಸಾಮಾನ್ಯ. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಶೋರೂಮೊಂದರಲ್ಲಿ ಹೊಸ ಕಾರಿನ ಪೂಜೆಯಲ್ಲಿ ನಿಂಬೆಹಣ್ಣಿನ ಮೇಲೆ ಹತ್ತಿಸಲು ಹೋಗಿ ಕಾರು ಮೊದಲ ಮಹಡಿಯಿಂದ ಕೆಳಗೆ ಬಿದ್ದ ವಿಡಿಯೊ ನಿಮಗೂ ಬಂದಿರಬಹುದು. ಅದು ಮುಂದಕ್ಕೆ ಹೋದ ಕಾರು. ಹಿಂದಕ್ಕೂ ಆಗುವುದು ಇದೇ. ವಾಹನ ಪೂಜೆ ಮಾಡಿಸುವಾಗ ಕಾರಿನ ಮುಂದೆ ಮತ್ತು ಹಿಂದೆ ಎರಡೂ ಕಡೆ ಜನ ನಿಲ್ಲದಂತೆ ನೋಡಿಕೊಳ್ಳಿ.

ಇನ್ನೊಂದು ಒಳ್ಳೆಯ ಅಭ್ಯಾಸ: ಬಂದಾಗಲೇ ರಿವರ್ಸ್‌ನಲ್ಲಿ ನಿಲ್ಲಿಸಿ, ಹೊರಡುವಾಗ ಮೂತಿ ಮುಂದಾಗಿ ಹೊರಡಿ. ಬಂದಾಗ ಆ ಜಾಗವನ್ನು ನೀವು ಆಗಷ್ಟೇ ನೋಡಿರುತ್ತೀರಿ. ಹೊರಡುವಾಗ ಟಾಟಾ ಮಾಡಲು ಮಕ್ಕಳು ಸೇರಿರುತ್ತಾರೆ. ಆಗ ನಿಮ್ಮ ಕಣ್ಣು ಅವರ ಕಡೆಗೇ ಇರಬೇಕು.

ಕಾನೂನು ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮ 1989ರ ಪ್ರಕಾರ ಲೈಸೆನ್ಸ್ ಪರೀಕ್ಷೆಯಲ್ಲಿ ಕಾರನ್ನು ಹಿಂದಕ್ಕೆ ಓಡಿಸಿ, ಎಡಕ್ಕೋ ಬಲಕ್ಕೋ ಇರುವ ಸೀಮಿತ ಜಾಗಕ್ಕೆ ಹಿಡಿತದಿಂದ, ಸಾಕಷ್ಟು ನಿಖರವಾಗಿ ತರುವುದನ್ನು ತೋರಿಸಬೇಕು. ಎಲ್‌ಎಲ್ಆರ್ ಇರುವವರು ಒಬ್ಬರೇ ಓಡಿಸುವಂತಿಲ್ಲ. ಲೈಸೆನ್ಸ್ ಇರುವ ಬೋಧಕರು, ಕಾರನ್ನು ನಿಯಂತ್ರಿಸಲು ಅಥವಾ ನಿಲ್ಲಿಸಲು ಆಗುವಂತೆ ಪಕ್ಕದಲ್ಲಿರಬೇಕು. ಮುಂದೆ ಮತ್ತು ಹಿಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು 'ಎಲ್' ಇರಬೇಕು. ಈ ಷರತ್ತು ಮುರಿದರೆ ವಿಮೆ ಪರಿಹಾರಕ್ಕೂ ತೊಡಕಾಗುತ್ತದೆ. 'ಗೇಟಿನಿಂದ ಒಳಗೆ ಹಾಕಪ್ಪ' ಎಂದು 18 ತುಂಬದ ಮಗನ ಕೈಗೆ ಕೀ ಕೊಡುವ ರೂಢಿಯನ್ನಂತೂ ಬಿಟ್ಟೇಬಿಡಿ.

ಅದೇ ನಿಯಮಗಳ 119ನೇ ನಿಯಮ ಹಲವು ಸ್ವರಗಳ ಹಾರ್ನ್‌ಗಳನ್ನೂ ಕರ್ಕಶ ಸದ್ದಿನ ಸಾಧನಗಳನ್ನೂ ನಿಷೇಧಿಸುತ್ತದೆ. ರಿವರ್ಸ್ ಹಾಕಿದ ಕೂಡಲೇ ಸಿನಿಮಾ ಹಾಡು ಮೊಳಗಿಸುವವರು ಇದನ್ನು ನೆನಪಿಡಬೇಕು. ಹಾಡು ಕೇಳಿ ಮಗು ದೂರ ಓಡುವುದಿಲ್ಲ, ಹತ್ತಿರ ಬಂದೀತು.

ಅಕಸ್ಮಾತ್ ಏನಾದರೂ ತಗುಲಿದಂತಾದರೆ ತಕ್ಷಣ ನಿಲ್ಲಿಸಿ. ಗಾಬರಿಯಲ್ಲಿ ಕಾರನ್ನು ಮುಂದಕ್ಕೆ ತೆಗೆಯಬೇಡಿ, ಎರಡನೇ ಸಲ ಹತ್ತಿಸಿದಂತಾಗಬಹುದು. ಇಳಿದು ನೋಡಿ, 108ಕ್ಕೆ ಕರೆ ಮಾಡಿ. ಮಗು ಎದ್ದು ಓಡಾಡಿದರೂ ಒಳಗೆ ಪೆಟ್ಟಾಗಿರಬಹುದು, ಆಸ್ಪತ್ರೆಗೆ ತೋರಿಸಲೇಬೇಕು.

ಒಟ್ಟಿನಲ್ಲಿ

ಸ್ಟೇರಿಂಗ್ ಉಲ್ಟಾ ಎಂಬುದು ಸುಳ್ಳು. ಸೆನ್ಸರ್ ಸಾಕು ಎಂಬುದು ಅರ್ಧಸತ್ಯ. ಹೆದ್ದಾರಿಯಲ್ಲಿ ರಿವರ್ಸ್ ಎಂಬುದು ಪ್ರಾಣಾಪಾಯ. ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ: "ಹತ್ತುವ ಮೊದಲು ಕಾರಿಗೆ ಒಂದು ಸುತ್ತು. ಮಕ್ಕಳ ಲೆಕ್ಕ. ಆಮೇಲೆ ರಿವರ್ಸ್." ನಿಮ್ಮ ಮನೆಯ ಗುಂಪಿಗೆ, ಅದರಲ್ಲೂ ಹೊಸದಾಗಿ ಕಾರು ಕೊಂಡವರಿಗೆ ಇಂದೇ ಕಳಿಸಿ.